ಹಿಮಬಂಡಿಗೆ ತಳಕವಚ

ಕೆನಡಾ ದೇಶದಲ್ಲಿ ಚಳಿಗಾಲ ಬಂದರೆ ಹೊಲ, ದಾರಿ, ಕೆರೆ ಎಲ್ಲವೂ ಹಿಮದಿಂದ ಮುಚ್ಚಿಹೋಗುತ್ತವೆ. ಹಿಂದೆ ಆ ದಿನಗಳಲ್ಲಿ ಹಳ್ಳಿಯ ದಾರಿಗಳಲ್ಲಿ ಕಾರುಗಳು ಓಡುತ್ತಿರಲಿಲ್ಲ. ಅಲ್ಲಿನ ಕ್ವಿಬೆಕ್ ಪ್ರಾಂತದಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬ ಮೆಕ್ಯಾನಿಕ್ ಇದ್ದರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗನಿಗೆ ಕಾಯಿಲೆ ಜೋರಾಯಿತು. ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಬೊಂಬಾರ್ಡಿಯೆ ಎದೆಗುಂದಲಿಲ್ಲ. 1937ರ ಹೊತ್ತಿಗೆ ಏಳು ಜನ ಕೂರುವ ಹಿಮಬಂಡಿ ಮಾಡಿದರು. ವೈದ್ಯರೂ ಅದನ್ನು ಬಳಸಿದರು. 1959ರಲ್ಲಿ ಅವರ ಚಿಕ್ಕ ಬಂಡಿ 'ಸ್ಕಿ-ಡೂ' ಬಂದಿತು. ಇಂಥ ಚಿಕ್ಕ ಬಂಡಿಯೇ ಸ್ನೋಮೊಬೈಲ್. ಇದಕ್ಕೆ ಮುಂದೆ ಎರಡು ಜಾರುಪಟ್ಟಿಗಳು, ಹಿಂದೆ ತಿರುಗುವ ರಬ್ಬರ್ ಪಟ್ಟಿ ಇರುತ್ತವೆ.

ಹಿಮದ ಅಡಿಯಲ್ಲಿ ಕಲ್ಲು, ಮರದ ಬುಡಗಳು ಅಡಗಿರುತ್ತವೆ. ಅವು ಬಡಿದರೆ ಬಂಡಿಯ ತಳ ಒಡೆಯಬಹುದು. ಕೊರೆಯುವ ಚಳಿಯಲ್ಲಿ, ಕಾಡಿನ ನಡುವೆ ಬಂಡಿ ನಿಂತರೆ ಸವಾರನ ಜೀವಕ್ಕೇ ಅಪಾಯ. ಆದ್ದರಿಂದ ತಳಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ಅಥವಾ ಅಲ್ಯೂಮಿನಿಯಮ್ಮಿನ ಕವಚ ಹಾಕುತ್ತಾರೆ.

ಇದನ್ನು ಜೋಡಿಸುವುದು ದೊಡ್ಡವರ ಕೆಲಸ. ಮೊದಲು ಎಂಜಿನ್ ನಿಲ್ಲಿಸಿ, ಬಂಡಿಯನ್ನು ಎತ್ತಿ ಭದ್ರವಾಗಿ ನಿಲ್ಲಿಸುತ್ತಾರೆ. ತಳವನ್ನು ತೊಳೆದು ಒರೆಸುತ್ತಾರೆ. ಕವಚವನ್ನು ಹಿಡಿದು ತೂತುಗಳ ಜಾಗ ಗುರುತಿಸುತ್ತಾರೆ. ಒಳಗೆ ತಂತಿ, ಕೊಳವೆಗಳಿಲ್ಲವೆಂದು ನೋಡಿಕೊಂಡೇ ತೂತು ಕೊರೆಯುತ್ತಾರೆ. ಬೋಲ್ಟುಗಳನ್ನೆಲ್ಲ ಮೊದಲು ಸಡಿಲವಾಗಿ ಕೂರಿಸಿ, ಕವಚ ಸರಿಯಾಗಿ ಕೂತ ಮೇಲೆ ಬಿಗಿಮಾಡುತ್ತಾರೆ. ಬೋಲ್ಟಿನ ತಲೆ ಚಪ್ಪಟೆಯಾಗಿರಬೇಕು. ಇಲ್ಲವಾದರೆ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ಪದಗಳ ಅರ್ಥ
ಕವಚ – ರಕ್ಷಣೆಯ ಹೊದಿಕೆ
ಎದೆಗುಂದು – ಧೈರ್ಯ ಕಳೆದುಕೊಳ್ಳು

ಅಭ್ಯಾಸ
1. ಬೊಂಬಾರ್ಡಿಯೆ ಅವರ ಮಗುವನ್ನು ಆಸ್ಪತ್ರೆಗೆ ಏಕೆ ಒಯ್ಯಲಾಗಲಿಲ್ಲ?
2. ತೂತು ಕೊರೆಯುವ ಮೊದಲು ಏನನ್ನು ನೋಡಿಕೊಳ್ಳಬೇಕು? ಏಕೆ?