ಮಿಥೈಲ್ ಗುರುತನ್ನು ಹಿಡಿಯುವ ಪ್ರತಿಕಾಯ

ಡಿ.ಎನ್.ಎ. ಎಂಬ ದೀರ್ಘ ಅಣುವು ಅಡೆನಿನ್, ಗ್ವಾನಿನ್, ಸೈಟೋಸಿನ್, ಥೈಮಿನ್ ಎಂಬ ನಾಲ್ಕು ಪ್ರತ್ಯಾಮ್ಲಗಳ ಸಾಲನ್ನು ಹೊತ್ತಿರುವುದೆಂದು ವಾಚಕರು ಬಲ್ಲರು. ಇವುಗಳಲ್ಲಿ ಸೈಟೋಸಿನ್ನಿನ ಅಣುತೂಕ 111. ಅದರ ಐದನೆಯ ಸ್ಥಾನದ ಹೈಡ್ರೊಜನ್ ಪರಮಾಣುವನ್ನು ತೆಗೆದು ಮಿಥೈಲ್ ಪುಂಜವೊಂದನ್ನು ಇಟ್ಟರೆ ತೂಕ 125 ಆಗುವುದು. ಹೆಚ್ಚಿದುದು ಕೇವಲ 14. ಆದರೂ ಈ ಅಲ್ಪ ಗುರುತು ಜೀನಿನ ಆರಂಭದ ಪ್ರದೇಶದಲ್ಲಿ ದಟ್ಟವಾಗಿ ಬಿದ್ದರೆ ಆ ಜೀನು ಸಾಮಾನ್ಯವಾಗಿ ಸುಮ್ಮನಾಗುವುದು. ಅನೇಕ ಕ್ಯಾನ್ಸರುಗಳಲ್ಲಿ ಕೋಶದ ಬೆಳವಣಿಗೆಯನ್ನು ಅಂಕೆಯಲ್ಲಿಡತಕ್ಕ ಜೀನುಗಳೇ ಹೀಗೆ ಸುಮ್ಮನಾಗಿರುತ್ತವೆ. ಆದಕಾರಣ ಗುರುತು ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ತಪ್ಪಿಲ್ಲದೆ ಅರಿಯಬೇಕಾಗಿದೆ.

ಇದಕ್ಕೆ ಒದಗಿದ ಸಾಧನಗಳಲ್ಲೊಂದು ಮಾನೋಕ್ಲೋನಲ್ ಪ್ರತಿಕಾಯ. ಹೊರಗಿನ ವಸ್ತು ಮೈಯನ್ನು ಹೊಕ್ಕಾಗ ಅದಕ್ಕೆ ಅಂಟಿಕೊಳ್ಳುವ ಪ್ರೋಟೀನುಗಳು ರಕ್ತದಲ್ಲಿ ಹುಟ್ಟುತ್ತವೆ, ಇವೇ ಪ್ರತಿಕಾಯಗಳು. ಮಿಥೈಲ್ ಸೈಟೋಸಿನ್ನಿನಷ್ಟು ಚಿಕ್ಕ ಅಣು ಒಂಟಿಯಾಗಿ ಹೊಕ್ಕರೆ ಮೈ ಅದನ್ನು ಲಕ್ಷಿಸುವುದೇ ಇಲ್ಲ. ಅದನ್ನು ದೊಡ್ಡ ಪ್ರೋಟೀನೊಂದಕ್ಕೆ ಕಟ್ಟಿ ಇಲಿಗೆ ಚುಚ್ಚಬೇಕು. ಆಗ ಇಲಿಯ ಗುಲ್ಮದಲ್ಲಿ ಪ್ರತಿಕಾಯಗಳನ್ನು ತಯಾರಿಸುವ ಕೋಶಗಳು ಹೆಚ್ಚುತ್ತವೆ. ಆದರೆ ಗಾಜಿನ ಪಾತ್ರೆಯಲ್ಲಿ ಅವು ಬಹುಕಾಲ ಬಾಳವು. 1975ರಲ್ಲಿ ಕೇಂಬ್ರಿಜ್ಜಿನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬವರು ಪ್ರತಿಕಾಯ ತಯಾರಿಸುವ ಕೋಶವನ್ನು, ಎಡೆಬಿಡದೆ ವಿಭಜಿಸುವ ಕ್ಯಾನ್ಸರ್ ಕೋಶದೊಡನೆ ಬೆಸೆದರು. ಬೆಸೆದ ಕೋಶಕ್ಕೆ ಒಂದರಿಂದ ಪ್ರತಿಕಾಯದ ವಿದ್ಯೆಯೂ ಇನ್ನೊಂದರಿಂದ ಚಿರಾಯುಷ್ಯವೂ ಬಂದವು. ಅಂಥ ಒಂದೇ ಕೋಶದ ಸಂತತಿಯನ್ನು ಬೇರ್ಪಡಿಸಿ ಬೆಳೆಸಿದರೆ ದೊರೆಯುವ ಪ್ರತಿಕಾಯವೆಲ್ಲ ಒಂದೇ ಅಚ್ಚಿನದು. 1984ರ ನೊಬೆಲ್ ಪಾರಿತೋಷಕದಲ್ಲಿ ಇಬ್ಬರಿಗೂ ಪಾಲು ದೊರೆಯಿತು.

2005ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ವೆಬರ್, ಶ್ಯೂಬೆಲರ್ ಮೊದಲಾದವರು ಇಂಥ ಪ್ರತಿಕಾಯದಿಂದ ಮಿಥೈಲ್ ಹೊತ್ತ ತುಣುಕುಗಳನ್ನು ಆರಿಸಿ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಡಿ.ಎನ್.ಎ.ಯನ್ನು ಶ್ರವಣಾತೀತ ಧ್ವನಿಯಿಂದ ಕೆಲವು ನೂರು ಪ್ರತ್ಯಾಮ್ಲಗಳಷ್ಟು ಉದ್ದದ ತುಣುಕುಗಳಾಗಿ ಒಡೆದು, ಸುಮಾರು 95 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ಥಟ್ಟನೆ ಮಂಜುಗಡ್ಡೆಯಲ್ಲಿಡಬೇಕು. ಅನಂತರ ಪ್ರತಿಕಾಯವನ್ನು ಬೆರೆಸಿ, ಅದಕ್ಕೆ ಅಂಟುವ ಸಣ್ಣ ಕಾಂತಮಣಿಗಳನ್ನು ಹಾಕಿ, ಕೊಳವೆಯ ಪಕ್ಕದಲ್ಲಿ ಅಯಸ್ಕಾಂತವನ್ನು ಹಿಡಿದರೆ ಪ್ರತಿಕಾಯವೂ ಅದು ಹಿಡಿದ ತುಣುಕೂ ಗೋಡೆಗೆ ಸೇರುತ್ತವೆ, ಉಳಿದುದನ್ನು ತೊಳೆದುಬಿಡಬಹುದು.

ಕಾಯಿಸುವುದೇಕೆ? ತಕ್ಕಡಿಯನ್ನು ನಂಬುವ ನಮ್ಮಂಥ ಭೌತವಿಜ್ಞಾನದ ಬೋಧಕರಿಗೆ ಇಲ್ಲಿ ಒಂದು ಪಾಠವಿದೆ: ಪ್ರತಿಕಾಯವು ತೂಕವನ್ನಲ್ಲ, ಆಕಾರವನ್ನು ಗುರುತಿಸುವುದು. ಜೋಡಿ ಎಳೆಯಲ್ಲಿ ಪ್ರತ್ಯಾಮ್ಲಗಳು ಒಂದನ್ನೊಂದು ಹಿಡಿದು ಒಳಮುಖವಾಗಿ ನಿಂತಿರುವುದರಿಂದ ಪ್ರತಿಕಾಯದ ಕುಳಿಗೆ ಅವು ಸಿಕ್ಕವು. ಕಾವು ಎಳೆಗಳನ್ನು ಬಿಡಿಸುತ್ತದೆ. ನಿಧಾನವಾಗಿ ಆರಲು ಬಿಟ್ಟರೆ ಅವು ಮತ್ತೆ ಜೊತೆಗೂಡುವುದುಂಟು. ಇದನ್ನು ಮರೆತ ವಿದ್ಯಾರ್ಥಿಯು ತೊಳೆದ ಮಣಿಗಳಲ್ಲಿ ಏನನ್ನೂ ಕಾಣದೆ, ಮಿಥೈಲ್ ತುಂಬಿದ ಡಿ.ಎನ್.ಎ.ಯಲ್ಲಿ ಮಿಥೈಲ್ ಇಲ್ಲವೆಂದು ಬರೆದಿಡುವನು.

ತುಣುಕಿನ ಯಾವ ಸೈಟೋಸಿನ್ನಿನಲ್ಲಿ ಗುರುತಿದೆಯೆಂದು ಈ ವಿಧಾನ ಹೇಳದು. 1992ರಲ್ಲಿ ಬಂದ ಬೈಸಲ್ಫೈಟ್ ವಿಧಾನ ಅದನ್ನು ಹೇಳಬಲ್ಲುದು. ಆದರೆ 2009ರಲ್ಲಿ ಸಸ್ತನಿಗಳ ನರಕೋಶಗಳಲ್ಲಿ ಕಂಡುಬಂದ ಹೈಡ್ರಾಕ್ಸಿಮಿಥೈಲ್ ಸೈಟೋಸಿನ್ನನ್ನು ಅದು ಮಿಥೈಲಿನಿಂದ ಬೇರ್ಪಡಿಸದು. ಒಳ್ಳೆಯ ಪ್ರತಿಕಾಯ ಬೇರ್ಪಡಿಸುತ್ತದೆ.

ಹಾಗೆಂದು ಮಣಿಗೆ ಅಂಟಿ ಬಂದುದೆಲ್ಲ ಮಿಥೈಲ್ ಹೊತ್ತದ್ದೆಂದು ತಿಳಿಯುವಂತಿಲ್ಲ. ಪ್ರತ್ಯಾಮ್ಲಗಳ ಒಂದೇ ಕಿರುಸಾಲು ಮತ್ತೆಮತ್ತೆ ಬರುವ ಭಾಗಗಳನ್ನು ಪ್ರತಿಕಾಯಗಳು ಗುರುತಿಲ್ಲದೆಯೂ ಹಿಡಿಯುವುದು 2018ರಲ್ಲಿ ಪ್ರಕಟವಾಯಿತು. ಆದುದರಿಂದ ಪಕ್ಕದಲ್ಲೊಂದು ಕೊಳವೆಯನ್ನಿಟ್ಟು, ಮಿಥೈಲಿಗೆ ಸಂಬಂಧವೇ ಇಲ್ಲದ ಇಲಿಯ ಪ್ರತಿಕಾಯವನ್ನು ಅದಕ್ಕೆ ಹಾಕಬೇಕು. ಅದೂ ಅದೇ ತುಣುಕನ್ನು ಅಷ್ಟೇ ಪ್ರಮಾಣದಲ್ಲಿ ಎಳೆದು ತಂದರೆ ಆ ತುಣುಕನ್ನು ಲೆಕ್ಕದಿಂದ ಬಿಡತಕ್ಕದ್ದು.