ಟ್ಯಾಂಕಿನಲ್ಲಿ ಒಂದು ಗಂಟೆ ಬಾಕಿ ಇರಲಿ

ಹಳೆಯ ಬೈಕ್ ರಿಸರ್ವ್‌ಗೆ ಬಂದರೆ ನಾಬ್ ತಿರುಗಿಸಿ ಹತ್ತಿರದ ಬಂಕ್ ಮುಟ್ಟಬಹುದು. ಸೆಸ್ನಾ 172 ವಿಮಾನದಲ್ಲಿ ಅಂಥ ನಾಬ್ ಇಲ್ಲ. ರಿಸರ್ವ್ ಇರುವುದು ಪೈಲಟ್ ಹಾಕಿದ ಲೆಕ್ಕದಲ್ಲಿ ಮಾತ್ರ, ಅದೂ ನಿಮಿಷಗಳಲ್ಲಿ.

ಹೊರಗೆ ಕಣ್ಣಿಟ್ಟು ಹಾರುವ ವಿಎಫ್‌ಆರ್ ಹಾರಾಟಕ್ಕೆ ಅಂತರರಾಷ್ಟ್ರೀಯ ನಿಯಮ ಹೇಳುವ ರಿಸರ್ವ್ ಹಗಲು 30, ರಾತ್ರಿ 45 ನಿಮಿಷದ ಇಂಧನ. ಅದು ಕನಿಷ್ಠ ಮಿತಿ. ನನ್ನ ಮಟ್ಟಿಗೆ ಒಂದು ಗಂಟೆಗಿಂತ ಕಡಿಮೆ ಸಲ್ಲದು.

ಬೆಂಗಳೂರಿನ ಜಕ್ಕೂರು ನಿಲ್ದಾಣದಿಂದ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ಹೊರಟಿದ್ದೀರಿ ಎನ್ನಿ. ದೂರ ಸುಮಾರು 75 ನಾಟಿಕಲ್ ಮೈಲಿ. ವಿಮಾನದ ವೇಗ 110 ನಾಟ್, ಅಂದರೆ 41 ನಿಮಿಷ. ಮುಂಗಾರಿನಲ್ಲಿ ಗಾಳಿ ಎದುರಿಗೇ ಬೀಸುತ್ತದೆ. 20 ನಾಟ್ ಎದುರುಗಾಳಿಗೆ 50 ನಿಮಿಷವಾಗುತ್ತದೆ. ಗಂಟೆಗೆ 35 ಲೀಟರ್ ಹಿಡಿದರೆ 30 ಲೀಟರ್. ಸ್ಟಾರ್ಟ್, ಟ್ಯಾಕ್ಸಿ, ಮೇಲೇರಲು 8. ಮಂಡಕಳ್ಳಿಯಲ್ಲಿ ಇಳಿಯಲಾಗದೆ ಹಿಂತಿರುಗಿದರೆ, ಗಾಳಿ ಬೆನ್ನಿಗಿದ್ದರೂ 20. ಅದರ ಮೇಲೆ ಒಂದು ಗಂಟೆಯ ರಿಸರ್ವ್ 35. ಒಟ್ಟು 93 ಲೀಟರ್. ಪೈಲಟ್ ಕೈಪಿಡಿಯ ಬಳಕೆಯ ಅಂಕಿ ಮಿಕ್ಸ್ಚರ್ ಸರಿಯಾಗಿ ಲೀನ್ ಮಾಡಿದಾಗಿನದು, ಅಂದರೆ ಗಾಳಿಯೊಂದಿಗೆ ಬೆರೆಯುವ ಇಂಧನವನ್ನು ತಗ್ಗಿಸಿದಾಗಿನದು. ಹಾಗೆ ಮಾಡದಿದ್ದರೆ ಲೆಕ್ಕ ತಪ್ಪುತ್ತದೆ.

ಹಾಗಿದ್ದರೆ ಟ್ಯಾಂಕ್ ಫುಲ್ ಮಾಡಿಸಿಬಿಟ್ಟರಾಯಿತಲ್ಲ? 172 ಎಸ್ ಮಾದರಿಯಲ್ಲಿ ಬಳಸಬಹುದಾದದ್ದು ಸುಮಾರು 200 ಲೀಟರ್, ತೂಕ 144 ಕೆ.ಜಿ. ಅದರ ಜೊತೆ ನಾಲ್ವರು ದೊಡ್ಡವರು ಕೂತರೆ ಸಾಮಾನ್ಯವಾಗಿ ತೂಕದ ಮಿತಿ ಮೀರುತ್ತದೆ. ಆಗ ಇಳಿಸಬೇಕಾದ್ದು ಒಬ್ಬರನ್ನು, ರಿಸರ್ವನ್ನಲ್ಲ.

ಗೇಜ್ ನಂಬಬೇಡಿ. ವಿಮಾನ ಸಮತಟ್ಟಾದ ಜಾಗದಲ್ಲಿದ್ದಾಗ ರೆಕ್ಕೆ ಹತ್ತಿ ಎರಡೂ ಟ್ಯಾಂಕಿಗೆ ಅಳತೆಕಡ್ಡಿ ಇಳಿಸಿ ನೋಡಿ. ತಳದ ಡ್ರೈನ್‌ನಿಂದ ಸ್ವಲ್ಪ ಹಿಡಿದು ಬೆಳಕಿಗೆ ಎತ್ತಿ: 100 ಎಲ್‌ಎಲ್ ಏವಿಗ್ಯಾಸ್ ತಿಳಿನೀಲಿ, ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಏವಿಗ್ಯಾಸ್ ಎಲ್ಲ ನಿಲ್ದಾಣಗಳಲ್ಲೂ ಸಿಗುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ.

ಮೇಲೇರಿದ ಮೇಲೆ ಅರ್ಧ ಗಂಟೆಗೊಮ್ಮೆ ಸಮಯ, ಉಳಿದ ಇಂಧನ ಬರೆದಿಡಿ. ಲೆಕ್ಕಕ್ಕಿಂತ ಹಿಂದೆ ಬಿದ್ದರೆ ಹತ್ತಿರದ ನಿಲ್ದಾಣದಲ್ಲಿ ಇಳಿಯಿರಿ. ಇಳಿಯುವ ಜಾಗ ನಿಶ್ಚಯವಾಗಿ, ಇನ್ನು ತಡವಾದರೆ ನಿಯಮದ ಆ ಕನಿಷ್ಠ ರಿಸರ್ವ್‌ಗೆ ಕೈ ಹಾಕಬೇಕಾದೀತು ಎಂದಾಗ ಎಟಿಸಿಗೆ ‘ಮಿನಿಮಮ್ ಫ್ಯೂಯೆಲ್’ ಎನ್ನಿ. ಅದರಿಂದ ಆದ್ಯತೆ ಸಿಗುವುದಿಲ್ಲ. ಆ ರಿಸರ್ವ್ ಮುರಿಯುವುದು ಖಚಿತವಾದರೆ ‘ಮೇಡೇ ಫ್ಯೂಯೆಲ್’ ಎನ್ನಲೇಬೇಕು. ನಾಚಿಕೆಪಟ್ಟು ಸುಮ್ಮನಿರಬೇಡಿ.