ಏಪ್ರನ್ ನೆಗ್ಗಿದ್ದರೆ ಪುಟ್ಟಿ ಸಾಲದು

ನಿಮ್ಮ 1998ರ ಮಾರುತಿ 800 ಚರಂಡಿಗೆ ಇಳಿದ ಮೇಲೆ ಎಡಕ್ಕೆ ಎಳೆಯುತ್ತಿದೆ, ಬಾನೆಟ್ ಸಂದು ಒಂದು ಕಡೆ ಅಗಲವಾಗಿದೆ ಎಂದಿದ್ದೀರಿ. ನನಗೆ ಆತಂಕ ಆ ಸಂದಿನದೇ. ಫೆಂಡರ್ ನೆಗ್ಗಿದರೆ ಅಂದ ಕೆಡುತ್ತದೆ, ಅಷ್ಟೇ. ಅದರ ಹಿಂದಿನ ಒಳತಗಡು, ಅಂದರೆ ಏಪ್ರನ್, ನೆಗ್ಗಿದರೆ ಮಾತೇ ಬೇರೆ. ಈ ಕಾರಿಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ. ಮಡಿಸಿ ಬೆಸೆದ ತಗಡೇ ಬೆನ್ನೆಲುಬು. ಮುಂದಿನ ಸ್ಟ್ರಟ್ ನಿಂತಿರುವುದೂ ಅದರ ಮೇಲೆಯೇ.

ಟಿಂಕರಿಂಗ್‌ನವರು ಸುತ್ತಿಗೆ ಎತ್ತುವ ಮೊದಲು ಟೇಪ್ ಹಿಡಿಸಿ. ಎಡ ಸ್ಟ್ರಟ್ ಬೋಲ್ಟಿನಿಂದ ಬಲ ಹೆಡ್‌ಲೈಟ್ ಬಳಿಯ ತೂತಿಗೆ, ಆಮೇಲೆ ಬಲದಿಂದ ಎಡಕ್ಕೆ, ಅಡ್ಡಡ್ಡ ಅಳೆಯಲಿ. ಐದಾರು ಮಿಲಿಮೀಟರ್ ವ್ಯತ್ಯಾಸ ಬಂದರೂ ಬಾಡಿ ಸೊಟ್ಟಗಾಗಿದೆ ಎಂದೇ ತಿಳಿಯಿರಿ. ಏಪ್ರನ್ ತಗಡನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿಯೂ ನೋಡಿ. ತುಕ್ಕು ಹಿಡಿದ ತಗಡು ಎಳೆತ ತಾಳದೆ ಹರಿಯುತ್ತದೆ.

ತಗಡು ಬರೀ ಬಾಗಿದ್ದರೆ ಎಳೆದು ಸರಿಮಾಡಬಹುದು. ಕಾಗದದಂತೆ ಚೂಪಾಗಿ ಮಡಿಕೆ ಬಿದ್ದಿದ್ದರೆ ಅಷ್ಟು ಭಾಗ ಕತ್ತರಿಸಿ ಹೊಸದು ಬೆಸೆಯಬೇಕು. ಪೆಟ್ಟು ಬಿದ್ದ ದಿಕ್ಕಿಗೆ ಎದುರಾಗಿ, ಸರಪಳಿ ಕಟ್ಟಿ ನಿಧಾನವಾಗಿ ಎಳೆಯಬೇಕು. ಸರಪಳಿ ಬಿಗಿಯಾಗಿದ್ದಾಗಲೇ ನೆಗ್ಗಿನ ಅಂಚಿಗೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟುತ್ತಾ ಹೋದರೆ ತಗಡಿನ ಬಿಗುವು ಇಳಿಯುತ್ತದೆ. ಸರಪಳಿ ಬಿಟ್ಟಾಗ ಹಿಂದಕ್ಕೆ ಸೆಟೆಯುವುದು ಕಡಿಮೆ. ಅವಸರದಲ್ಲಿ ಬಿಟ್ಟುಹೋಗುವುದು ಈ ತಟ್ಟುವ ಕೆಲಸವೇ. ಎದುರಿಗೆ ನಿಂತು ಮಾಡಿಸಿ.

ಗ್ಯಾಸ್ ಬೆಂಕಿಯಿಂದ ಕೆಂಪಗೆ ಕಾಯಿಸಲು ದಯವಿಟ್ಟು ಒಪ್ಪಬೇಡಿ, ತಗಡಿನ ಕಸುವು ಹೋಗುತ್ತದೆ. ಬ್ಯಾಟರಿ ಬಿಚ್ಚಿಸಿ ಸಿಒಟು ವೆಲ್ಡಿಂಗ್ ಮಾಡಿಸಿ. ಬೆಸುಗೆಯ ಮೇಲೆ ಪ್ರೈಮರ್, ಸೀಲರ್, ಟೊಳ್ಳಿನೊಳಗೆ ಮೇಣದ ಸ್ಪ್ರೇ ಆಗಲೇಬೇಕು. ವೀಲ್ ಅಲೈನ್‌ಮೆಂಟ್ ಇದೆಲ್ಲ ಮುಗಿದ ಮೇಲೆ.